ಓಡುವ ಹುಡುಗಿಯ ನಾಷ್ಟಾ

೧. ಎರಡು ಕಪ್ ಚಾ

ನಾಡಗೀತೆಯ ಮಧ್ಯದಲ್ಲಿ ಹುಡುಗಿ ಬಿದ್ದಳು. ಏಳನೇ ತರಗತಿ, ಸಾಲಿನಲ್ಲಿ ಮೂರನೆಯವಳು. ಹಿಂದಿನವಳು ಹಾಡು ನಿಲ್ಲಿಸಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಹಾಡಿದಳು. ಪ್ರಾರ್ಥನೆಯಲ್ಲಿ ಯಾರಾದರೂ ಬೀಳುವುದು ನಮ್ಮಲ್ಲಿ ಅಷ್ಟು ರೂಢಿಯಾಗಿತ್ತು.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ನಾನು ಅಲ್ಲಿ ಪಿ.ಟಿ. ಮಾಸ್ತರ. ನೀರು ಚಿಮುಕಿಸಿ ಎಬ್ಬಿಸಿದೆ.

“ಮುಂಜಾನಿ ಏನ್ ತಿಂದಿ?”

“ಚಾ ರೀ ಸರ್.”

“ಅದು ಕುಡಿಯೋದು. ಅದರ ಸಂಗಟ ಏನ್ ತಿಂದಿ?”

ಹುಡುಗಿ ಸ್ವಲ್ಪ ಯೋಚಿಸಿದಳು. “ಇನ್ನೊಂದ್ ಕಪ್ ಚಾ ರೀ.”

ಶಾಲೆಯಲ್ಲಿ ಹಾಲು ಕೊಡುತ್ತಾರೆ. ಆದರೆ ಪ್ರಾರ್ಥನೆ ಮುಗಿದ ಮೇಲೆ. ಬೀಳುವವರು ಅದಕ್ಕಿಂತ ಮೊದಲೇ ಬಿದ್ದಿರುತ್ತಾರೆ.

ಈ ಹುಡುಗಿ ಬಿದ್ದದ್ದಕ್ಕೆ ನನಗೆ ಹೆಚ್ಚು ಚಿಂತೆಯಾಯಿತು. ಕಾರಣವಿತ್ತು. ನನ್ನ ಇಡೀ ನೌಕರಿಯಲ್ಲಿ ಆಕೆಯಂಥ ಓಟ ನೋಡಿರಲಿಲ್ಲ. ಏಳನೆಯದು ಮುಗಿದರೆ ಆ ಊರಲ್ಲಿ ಮುಂದೆ ಶಾಲೆ ಇಲ್ಲ. ದಿನಾ ದೇವದುರ್ಗಕ್ಕೆ ಕಳಿಸುವುದಿಲ್ಲ ಎಂದು ಮನೆಯವರು ಹೇಳಿಬಿಟ್ಟಿದ್ದರು. ರಾಯಚೂರಿನಲ್ಲಿ ಸ್ಪೋರ್ಟ್ಸ್ ಹಾಸ್ಟೆಲ್ ಸಿಕ್ಕರೆ ಮಾತ್ರ ಓದು, ಇಲ್ಲದಿದ್ದರೆ ಹೊಲ. ಫೆಬ್ರುವರಿಯಲ್ಲಿ ಆಯ್ಕೆ. ಎರಡು ಕಪ್ ಚಾದ ಮೇಲೆ ನಿಂತುಕೊಳ್ಳಲಾಗದವಳು ಓಡುವುದು ಹೇಗೆ?

೨. ನಾನು ಉಂಡ ರೊಟ್ಟಿ

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರ ಮನೆಗೆ ಹೋದೆ. ತಂದೆ ತಾಯಿ ಹೊಲಕ್ಕೆ ಹೋಗಿಯಾಗಿತ್ತು. ಅಜ್ಜಿ ಇದ್ದಳು. ಆ ಮನೆಯಲ್ಲಿ ಅಜ್ಜಿಯ ಲಿಂಗಪೂಜೆ ಮುಗಿಯುವವರೆಗೆ ಮಕ್ಕಳು ತುತ್ತು ಮುಟ್ಟುವಂತಿಲ್ಲ. ಹೊಲಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಅವರಿಗೆ ಮಾಫಿ. ಮಕ್ಕಳಿಗೆ ಚಾ ನಡೆಯುತ್ತದೆ. ಪೂಜೆ ಮುಗಿಯುವುದು ಹತ್ತಕ್ಕೆ. ಶಾಲೆಯ ಗಂಟೆಯೂ ಹತ್ತಕ್ಕೆ.

“ಯವ್ವಾ, ಪೂಜಿ ಸ್ವಲ್ಪ ಲಗು ಮುಗಿಸು,” ಎಂದೆ.

“ದೇವರೇನು ಬಸ್ ಏನ್ರಿ ಮಾಸ್ತರ್ರ, ಟೈಮಿಗಿ ಬರಾಕ? ಕುಂದರ್ರಿ ಮೊದಲ. ಗುರುಗಳು ಮನಿಗಿ ಬಂದು ಉಣ್ಣಲಾರದ ಹೋಗಬಾರದು.”

ಬೇಡವೆಂದೆ. ಕೇಳಲಿಲ್ಲ. ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಊಟ ಚೆನ್ನಾಗಿತ್ತು. ಉಣ್ಣುತ್ತಾ ಬೆಳಗಿನ ಊಟದ ಮಹತ್ವ ಹೇಳಿದೆ. ಖಾಲಿ ಹೊಟ್ಟೆಗೆ ಪಾಠ ತಲೆಗೆ ಹತ್ತುವುದಿಲ್ಲ, ಕಾಲಿಗೆ ಬಲ ಬರುವುದಿಲ್ಲ ಎಂದೆ. ಅಜ್ಜಿ ಎಲ್ಲದಕ್ಕೂ ಹೂಂ ಅಂದಳು. ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಕೈ ತೊಳೆದು ಹೇಳಿದೆ, “ಇಂಥಾವ ಎರಡು ರೊಟ್ಟಿ ದಿನಾ ಈಕಿಗಿ ಕೊಟ್ರ ಸಾಕು. ಇವತ್ತಿಂದು ಎಲ್ಲಿ ಇಟ್ಟೀದಿ?”

“ಈಗ ನೀವು ಉಂಡ್ರಲ್ಲರೀ, ಅದ ಆಕೀದು.”

೩. ಡಬ್ಬಿ ತಪಾಸಣೆ

ಮನೆಯಲ್ಲಿ ಆಗದಿದ್ದರೆ ಶಾಲೆಯಲ್ಲಿ ಆಗಲಿ ಎಂದು ಹೆಡ್‌ಮಾಸ್ತರರ ಒಪ್ಪಿಗೆ ಪಡೆದೆ. ನಾಳೆಯಿಂದ ಏಳನೇ ತರಗತಿಯ ಎಲ್ಲರೂ ಡಬ್ಬಿ ತರಬೇಕು. ಮೊದಲು ನಾನು ನೋಡುತ್ತೇನೆ. ಆಮೇಲೆ ತಿನ್ನಬೇಕು. ಆಮೇಲೆ ಪ್ರಾರ್ಥನೆ.

ಹದಿನೆಂಟು ಮಂದಿ ಸಾಲಾಗಿ ನಿಂತರು. ನಾನು ಒಂದು ತುದಿಯಿಂದ ಹೊರಟೆ. ಮೊದಲನೆಯವನ ಡಬ್ಬಿಯಲ್ಲಿ ಎರಡು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಶಾಬಾಸ್ ಎಂದೆ. ಎರಡನೆಯವನದೂ ಅದೇ. ಮೂರನೆಯವಳದೂ ಅದೇ. ಊರಲ್ಲಿ ಎಲ್ಲರ ಮನೆಯಲ್ಲೂ ಸಜ್ಜೆ ರೊಟ್ಟಿ ಮಾಡಿದ್ದಾರೆ, ನನ್ನ ಮಾತಿಗೆ ಬೆಲೆ ಬಂತು ಅಂದುಕೊಂಡೆ.

ಏಳನೆಯವನ ಹತ್ತಿರ ರೊಟ್ಟಿ ಒಂದೂವರೆ ಆಗಿತ್ತು. ಹನ್ನೆರಡನೆಯವನಲ್ಲಿ ಅರ್ಧ. ಹದಿನೆಂಟನೆಯವನ ಡಬ್ಬಿಯಲ್ಲಿ ಬರೀ ಉಳ್ಳಾಗಡ್ಡಿ.

“ಯಾಕಲೇ, ನಿಮ್ಮವ್ವ ರೊಟ್ಟಿ ಹಾಕಿಲ್ಲೇನು?”

“ಹಾಕಿದ್ಳು ರೀ ಸರ್. ಬರೋ ದಾರ್ಯಾಗ ಖಾಲಿ ಆತು.”

ಡಬ್ಬಿ ಬಂದ ದಾರಿ ನನ್ನ ಬೆನ್ನ ಹಿಂದಿನದು. ಒಂದೇ ಡಬ್ಬಿ ಕೈಯಿಂದ ಕೈಗೆ ದಾಟಿ, ನನಗಿಂತ ಒಂದು ಹೆಜ್ಜೆ ಮುಂದೆ ಬಂದಿತ್ತು. ತಿರುಗಿಸಿ ತಳ ನೋಡಿದೆ. ಅಂಗಡಿಯವರು ಕೊರೆದ ಹೆಸರಿತ್ತು. ಹೆಡ್‌ಮಾಸ್ತರರದು.

ಅಂದು ಪ್ರಾರ್ಥನೆಯಲ್ಲಿ ಒಬ್ಬರೂ ಬೀಳಲಿಲ್ಲ. ಮಧ್ಯಾಹ್ನ ಹೆಡ್‌ಮಾಸ್ತರರು ತಟ್ಟೆ ಹಿಡಿದು ಬಿಸಿಯೂಟದ ಸಾಲಿನಲ್ಲಿ ನಿಂತರು.

೪. ಅರವತ್ತು ಪ್ಲೇಟು

ತಪ್ಪು ಮಕ್ಕಳದಲ್ಲ, ತಾಯಂದಿರಿಗೆ ತಿಳಿಹೇಳಬೇಕು ಎಂದು ಹೆಡ್‌ಮಾಸ್ತರರು ಸಭೆ ಕರೆದರು. ಆಸ್ಪತ್ರೆಯ ನರ್ಸಮ್ಮ ಬಂದು ಮಾತಾಡಬೇಕು. ಕೊನೆಯಲ್ಲಿ ಎಲ್ಲರಿಗೂ ನಾಷ್ಟಾ. ದೇವದುರ್ಗದ ಹೋಟೆಲಿನಿಂದ ಅರವತ್ತು ಪ್ಲೇಟು ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಭಜಿ ತರಿಸಿದೆ.

ನರ್ಸಮ್ಮ ಚೆನ್ನಾಗಿ ಮಾತಾಡಿದಳು. ಬೆಳಿಗ್ಗೆ ಉಣ್ಣದವರಿಗೆ ತಲೆ ಸುತ್ತುತ್ತದೆ, ರಕ್ತ ಕಡಿಮೆಯಾಗುತ್ತದೆ, ತಾಯಿ ಉಂಡರೆ ಮಕ್ಕಳೂ ಉಣ್ಣುತ್ತಾರೆ. ನನ್ನ ಓಟಗಾರ್ತಿಯ ಅಜ್ಜಿ ಮುಂದೆಯೇ ಕೂತಿದ್ದಳು.

“ಖರೇ ಹೇಳಿದಿ ನೋಡು ಯವ್ವಾ,” ಎಂದಳು. ಉಳಿದವರೂ ತಲೆಯಾಡಿಸಿದರು. ಚಪ್ಪಾಳೆಯೂ ಬಿತ್ತು.

ಪ್ಲೇಟು ಹಂಚಲು ಹೊರಟೆ. ಒಬ್ಬಳೂ ಕೈ ಚಾಚಲಿಲ್ಲ.

“ತಗೋರಿ. ನಾಚಿಕಿ ಯಾಕ?”

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. “ಇವತ್ತ ಶ್ರಾವಣ ಸೋಮಾರ ರೀ ಮಾಸ್ತರ್ರ. ಊರಿಗೂರೇ ಉಪಾಸ ಅದ.”

ನರ್ಸಮ್ಮನಿಗೆ ಒಂದು ಪ್ಲೇಟು ಕೊಡಹೋದೆ. ಆಕೆ ದನಿ ತಗ್ಗಿಸಿ, “ನಂದೂ ಉಪಾಸರೀ ಸರ್,” ಎಂದಳು.

ಒಗ್ಗರಣಿ ಮಕ್ಕಳ ಪಾಲಾಯಿತು. ಓಟದ ಹುಡುಗಿ ಮಾತ್ರ ಮುಟ್ಟಲಿಲ್ಲ. ಅಜ್ಜಿ ನೋಡುತ್ತಿದ್ದಳು. ಎರಡನೇ ತರಗತಿಯ ಒಬ್ಬ, ಮೂರನೇ ಮಿರ್ಚಿ ಕೈಯಲ್ಲಿ ಹಿಡಿದು ಕೇಳಿದ, “ಸರ್, ಮೀಟಿಂಗ್ ಸೋಮಾರ ಸೋಮಾರ ಇಡ್ತೀರೇನ್ರಿ?”

೫. ಪೋತ್ನಾಳದ ಸಲಹೆ

ನನ್ನ ಹಳೆಯ ಗೆಳೆಯನೊಬ್ಬ ಮಾನ್ವಿಯಲ್ಲಿ ಪಿ.ಟಿ. ಮಾಸ್ತರ. ಅವನೂ ಹುಡುಗಿಯರನ್ನು ಆಯ್ಕೆಗೆ ತಯಾರು ಮಾಡುತ್ತಿದ್ದ. ಒಂದು ದಿನ ಪೋತ್ನಾಳದ ಹೋಟೆಲಿನಲ್ಲಿ ಸಿಕ್ಕ. ನನ್ನ ಕಷ್ಟ ಹೇಳಿಕೊಂಡೆ.

“ನೀ ಸುಮ್ನ ತಲಿ ಕೆಡಿಸ್ಕೊಳ್ಳಾಕತ್ತಿ,” ಎಂದ. “ಖಾಲಿ ಹೊಟ್ಟ್ಯಾಗ ಮೈ ಹಗುರ ಇರ್ತದ. ನನ್ನ ಹುಡುಗ್ಯಾರಿಗಿ ನಾ ಏನೂ ತಿನ್ನಾಕ ಬಿಡಂಗಿಲ್ಲ.”

ಅಷ್ಟು ಹೇಳಿ ಆರನೇ ಇಡ್ಲಿ ಮುರಿದ. ಮಾತಿಗೆ ಮೊದಲು ಒಂದು ಪ್ಲೇಟು ಉಪ್ಪಿಟ್ಟು ಮುಗಿಸಿದ್ದ.

“ಮತ್ತ ನೀ?”

“ನಾ ಓಡಾಕ ಹೊಂಟೀನೇನೋ?”

೬. ಆಯ್ಕೆ

ಆಯ್ಕೆಯ ಹಿಂದಿನ ದಿನ ಹುಡುಗಿಗೆ ಒಂದೇ ಮಾತು ಹೇಳಿದೆ. “ನಾಳಿ ಯಾರು ಏನ್ ಕೊಟ್ರೂ ಒಲ್ಲೆ ಅನಬ್ಯಾಡ. ತಿನ್ನು.” ಅಜ್ಜಿಗೂ ಹೇಳಿಸಿದೆ. ಹೆಡ್‌ಮಾಸ್ತರರಿಗೂ ಹೇಳಿದೆ. ಎಲ್ಲರೂ ಆಗಲಿ ಎಂದರು. ಇಷ್ಟು ದಿನ ಮಾತು ಕೇಳದವರೆಲ್ಲ ಅಂದು ಕೇಳಿದರು.

ದೇವದುರ್ಗದಿಂದ ಆರರ ಬಸ್ಸು. ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಒಗ್ಗರಣಿ, ಎರಡು ಮಿರ್ಚಿ ಕೊಡಿಸಿದೆ. ತಿಂದಳು. ಹೆಡ್‌ಮಾಸ್ತರರು ಬೈಕಿನಲ್ಲಿ ಬಂದು ಬಾಳೆಹಣ್ಣು, ಶೇಂಗಾ ಉಂಡಿ ಕೊಟ್ಟರು. ಅದನ್ನೂ ತಿಂದಳು. ನನಗೆ ಸಮಾಧಾನವಾಯಿತು.

ರಾಯಚೂರಿನ ಮೈದಾನ. ಎಂಟೂವರೆಗೆ ಮೊದಲ ಓಟ. ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು, ಏಳಲಿಲ್ಲ.

“ಏನಾತು? ತಲಿ ಸುತ್ತಾಕತ್ತೇದೇನು?”

“ಇಲ್ರಿ ಸರ್. ಏಳಾಕ ಬರವಲ್ದು.”

“ಯಾಕ?”

“ಹೊಟ್ಟಿ ತುಂಬೇದರಿ.”

ಕೇಳಿದಾಗ ಎಲ್ಲ ಹೊರಬಂತು. ಅಜ್ಜಿ ಆ ದಿನ ಮೂರಕ್ಕೇ ಎದ್ದು ಪೂಜೆ ಮುಗಿಸಿದ್ದಳು. ಆಕೆಯ ಜನ್ಮದಲ್ಲಿ ಮೊದಲ ಸಲ. ಎದುರಿಗೆ ಕೂತು ಮೂರು ರೊಟ್ಟಿ ಉಣ್ಣಿಸಿದ್ದಳು. ತಾಯಿ ಒಂದು ಬಟ್ಟಲು ನುಚ್ಚು ಮಜ್ಜಿಗೆ ಕುಡಿಸಿದ್ದಳು. ಪಕ್ಕದ ಮನೆಯವರು ಹೋಳಿಗೆ ಕೊಟ್ಟಿದ್ದರು. ಅದರ ಮೇಲೆ ನನ್ನ ಒಗ್ಗರಣಿ, ಹೆಡ್‌ಮಾಸ್ತರರ ಹಣ್ಣು.

“ಇಷ್ಟ್ಯಾಕ ತಿಂದೀಬೇ?”

“ನೀವ ಹೇಳಿದ್ರಲ್ರಿ, ಒಲ್ಲೆ ಅನಬ್ಯಾಡ ಅಂತ.”

ತಾಲ್ಲೂಕುಗಳ ಸರದಿಯಲ್ಲಿ ದೇವದುರ್ಗ ಮೊದಲಿತ್ತು. ಮಾನ್ವಿ ಕೊನೆಗೆ. ಗೆಳೆಯನ ಹತ್ತಿರ ಓಡಿದೆ.

“ಸರದಿ ಅದಲಿ ಬದಲಿ ಮಾಡ್ಕೊಳ್ಳೋಣು. ಕೈ ಮುಗೀತೀನಿ.”

“ಅದಕ್ಯಾಕ ಕೈ ಮುಗೀತಿ? ಲಗು ಮುಗಿದ್ರ ನನಗೂ ಚಲೋ. ಬಸ್ಸಿನ ಗದ್ದಲದಾಗ ನಾ ಇನ್ನ ನಾಷ್ಟಾ ಮಾಡಿಲ್ಲ,” ಎಂದ.

ಅವನ ಹುಡುಗಿಯರು ಮೊದಲು ಓಡಿದರು. ಮೈ ಹಗುರವಿತ್ತು, ನಿಜ. ಎರಡನೇ ಸುತ್ತಿನಲ್ಲಿ ಇಬ್ಬರು ಕುಳಿತುಬಿಟ್ಟರು. ಗ್ಲೂಕೋಸ್ ಕುಡಿಸಲು ಮಾಸ್ತರನನ್ನು ಹುಡುಕಿದರು. ಹೋಟೆಲಿನಲ್ಲಿದ್ದ. ಗ್ಲೂಕೋಸ್ ನಾನೇ ಕುಡಿಸಿದೆ.

ಅಷ್ಟರಲ್ಲಿ ನಾನು ನಮ್ಮ ಹುಡುಗಿಯನ್ನು ಬೇವಿನ ಮರದ ಸುತ್ತ ಎರಡೂವರೆ ತಾಸು ನಡೆಸಿದ್ದೆ. ಹನ್ನೊಂದೂವರೆಗೆ ಹೆಸರು ಕರೆದರು. ಓಡಿದಳು. ಮೊದಲು ಬಂದಳು. ಎರಡನೆಯವಳು ಬಂದಾಗ ಈಕೆ ನಿಂತು ತೇಗುತ್ತಿದ್ದಳು.

ಕೊನೆಗೆ ಮಾತಿನ ಪರೀಕ್ಷೆ. ಮೇಜಿನ ಹಿಂದೆ ಆಯ್ಕೆಯ ಮೇಡಂ. ಮನೆ ಬಿಟ್ಟು ಇರುತ್ತೇನೆ ಎಂದು ಮಗು ತಾನಾಗಿ ಹೇಳಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ನಮಗಿಂತ ಮೊದಲು ಹೋದ ಒಬ್ಬಳು ಅವ್ವ ಬೇಕೆಂದು ಅತ್ತು ಹೊರಗೆ ಬಂದಿದ್ದಳು. ನನಗೆ ಓಟಕ್ಕಿಂತ ಇದರ ಹೆದರಿಕೆ ಹೆಚ್ಚಿತ್ತು.

“ಇವತ್ತ ಮುಂಜಾನಿ ಏನ್ ತಿಂದು ಬಂದೀಯಮ್ಮ?” ಎಂದರು ಮೇಡಂ.

ಹುಡುಗಿ ಬೆರಳು ಮಡಚಿ ಲೆಕ್ಕ ಒಪ್ಪಿಸಿದಳು. ರೊಟ್ಟಿ ಮೂರು, ಮೊಸರು, ಹಿಂಡಿ, ನುಚ್ಚು ಮಜ್ಜಿಗೆ, ಹೋಳಿಗೆ ಒಂದು, ಒಗ್ಗರಣಿ, ಮಿರ್ಚಿ ಎರಡು, ಬಾಳೆಹಣ್ಣು ನಾಲ್ಕು, ಶೇಂಗಾ ಉಂಡಿ ಎರಡು. ಒಂದು ಕೈ ಸಾಲದೆ ಇನ್ನೊಂದು ಕೈಗೆ ಹೋದಳು.

ಮೇಡಂ ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು, ಆಮೇಲೆ ಆಕೆಯನ್ನು. “ನೋಡಮ್ಮ, ಮೊದಲ ಹೇಳ್ತೀನಿ. ಹಾಸ್ಟೆಲಿನ್ಯಾಗ ಇಷ್ಟೆಲ್ಲ ಕೊಡಂಗಿಲ್ಲ.”

“ಕೊಡಂಗಿಲ್ಲೇನ್ರಿ?”

“ಇಲ್ಲ.”

ಹುಡುಗಿ ಒಂದು ಹೆಜ್ಜೆ ಮುಂದೆ ಬಂದು ಮೇಜು ಹಿಡಿದಳು.

“ಹಂಗಾರ ಇವತ್ತ ಹಾಸ್ಟೆಲಿಗಿ ಬರ್ಲೇನ್ರಿ ಮೇಡಂ?”

ಜೂನ್‌ನಲ್ಲಿ ಸೇರಿಸಿಕೊಂಡರು.