ಸೀನಪ್ಪನ ಕರಿ ಪುಡಿ

ಅವನಿಗೆ ಸೀನಪ್ಪ ಅಂತ ಹೆಸರಿಟ್ಟವರು ಹೆತ್ತವರಲ್ಲ, ಪ್ರಯೋಗಾಲಯದವರು. ಧೂಳು ಸೋಕಿದರೆ ಸಾಕು, ಮೂಗು ಪಟಾಕಿಯಾಗುತ್ತಿತ್ತು. ಆ ಬೆಳಿಗ್ಗೆಯೂ ಸೀನಿದ. ಎಂಟು ತಿಂಗಳು ಕುಲುಮೆಯ ಮುಂದೆ ಬೆಂದು ತಯಾರಿಸಿದ್ದ ಚಿಟಿಕೆ ಮ್ಯಾಂಗನೀಸ್ ವೇಗವರ್ಧಕ, ಕಾಗದದಿಂದ ಹಾರಿ ಮೇಜಿನ ಹಿಂದಿನ ಸಂದಿಗೆ ಬಿತ್ತು. ಎಕ್ಸ್-ರೇ ಯಂತ್ರ ಅವನ ಪಾಲಿಗಿದ್ದದ್ದು ಅದೊಂದೇ ದಿನ.

"ಏನಪ್ಪಾ, ಎಂಟು ತಿಂಗಳನ್ನ ಒಂದೇ ಸಲಕ್ಕೆ ಊದಿಬಿಟ್ಟೆಯಲ್ಲ!" ಅಂದರು ಹಿರಿಯ ಸಂಶೋಧಕಿ. ಎಲ್ಲರಿಗೂ ಅವರು ಅಕ್ಕ.

ಉಗ್ರಾಣದವರು ಬ್ರಷ್ ಹಿಡಿದು ಓಡಿಬಂದರು. "ಮೇಲಿಂದ ಗುಡಿಸಿ!"

"ಕೆಳಗಿಂದ ಕಣ್ರೀ!" ಎನ್ನುತ್ತಾ, ಪ್ರಯೋಗಾಲಯಕ್ಕೆ ಗಾಜಿನ ನಳಿಕೆ ಊದಿ ಮಾಡುವವರು ಮೇಜನ್ನೇ ಎಳೆದರು. ಬಗ್ಗಿದ್ದ ಸೀನಪ್ಪನದೂ ಸೇರಿ ಮೂರು ತಲೆ ಡಿಕ್ಕಿ ಹೊಡೆದವು. ಅಂತೂ ಸಂದಿಯಲ್ಲಿದ್ದ ಕರಿ ಪುಡಿಯೆಲ್ಲ ಡಬ್ಬಿ ಸೇರಿ, ಯಂತ್ರದೊಳಗೆ ಹೋಯಿತು.

ಎಕ್ಸ್-ರೇ ಬಿದ್ದ ಪುಡಿ ತಾನೂ ಮಿಣಮಿಣ ಕಿರಣ ಸೂಸುತ್ತದೆ. ಬಾಗಿದ ಹರಳೊಂದು ಅದನ್ನು ವಿಂಗಡಿಸಿದಂತೆ, ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಗೆರೆ ಮೂಡುತ್ತದೆ, ಆಮೆ ರಂಗೋಲಿ ಬಿಟ್ಟ ಹಾಗೆ. ಮಧ್ಯಾಹ್ನದ ಬಿಸಿಲು, ಯಂತ್ರದ ಗುಂಯ್ ಎನ್ನುವ ಜೋಗುಳ. ಸೀನಪ್ಪನ ಕಣ್ಣು ಎಳೆಯಿತು. ತಾನು ಆ ಪುಡಿಯೊಳಗೇ ನಡೆಯುತ್ತಿದ್ದಂತೆ, ಒಂದೊಂದು ಅಣುವೂ ಹಣತೆ ಎತ್ತಿ ಹಿಡಿದು "ಇಲ್ಲಿ ಬಾ" ಅಂದಂತೆ...

ಎಚ್ಚರವಾದಾಗ ನಿರ್ದೇಶಕರೇ ಪಕ್ಕದಲ್ಲಿ ನಿಂತು ಪರದೆ ನೋಡುತ್ತಿದ್ದರು. ಯಾರೂ ಹಿಂದೆಂದೂ ಕಂಡಿರದ ಜಾಗದಲ್ಲಿ ಪುಟ್ಟ ಗುಡ್ಡದಂತೆ ಗೆರೆ ಎದ್ದಿತ್ತು.

"ಭಲೇ! ಇಂಥ ಮ್ಯಾಂಗನೀಸ್ ಯಾರಿಗೂ ಸಿಕ್ಕಿಲ್ಲ ಕಣ್ರೀ! ಹೇಗೆ ಮಾಡಿದ್ರಿ?"

ಸೀನಪ್ಪನ ಎದೆ ಗಾಳಿಪಟದಂತೆ ಏರಿ, ಹಾಗೇ ಇಳಿಯಿತು. "ನಾನು ಮಾಡಿದ್ದಕ್ಕೆ ಈ ಗುಡ್ಡ ಬರಬಾರದು ಸಾರ್. ಇದನ್ನ... ನೆಲದಿಂದ ಗುಡಿಸಿದ್ದು."

ಅಕ್ಕ ಪರದೆ ನೋಡಿದವರೇ ಆ ಗುಡ್ಡದ ಮೇಲೆ ಬೆರಳಿಟ್ಟರು.

"ಅದು ನಂದು! ಗುಡ್ಡ ಇಲ್ಲೇ ಏಳುತ್ತೆ ಅಂತ ಆಗಲೇ ಲೆಕ್ಕ ಹಾಕಿದ್ದೆ. ಮೂರು ವರ್ಷದ ಹಿಂದೆ ನನ್ನ ಪುಡೀನ ಇದೇ ಸಂದಿಗೆ ಚೆಲ್ಲಿದ್ದೆ. ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಗಾಳಿಯಲ್ಲಿಟ್ಟರೂ ಕೆಡಲ್ಲ ಅಂದಾಗ ಎಲ್ಲರೂ ನಕ್ಕಿದ್ರಿ. ಈಗ ನೋಡಿ, ಇಷ್ಟು ದಿನ ಗಾಳಿಯಲ್ಲಿ ಬಿದ್ದಿದ್ರೂ ಹಾಗೇ ಇದೆ!" ಅವರ ಕನ್ನಡಕ ಮಂಜಾಯಿತು.

ನಿರ್ದೇಶಕರು ಆರು ತಿಂಗಳು ಯಂತ್ರವನ್ನು ಅಕ್ಕನಿಗೇ ಬರೆದುಕೊಟ್ಟರು. ಚಪ್ಪಾಳೆ ಬಿತ್ತು. ಸೀನಪ್ಪನೂ ಮನಸಾರೆ ತಟ್ಟಿದ. ಆಮೇಲೆ ಮೆಲ್ಲಗೆ ಕೇಳಿದ:

"ಅಕ್ಕಾ, ನನ್ನ ಪುಡಿ?"

ಅಕ್ಕ ಡಬ್ಬಿಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ನನಗೂ ಅದೇ ಯೋಚನೆ ಕಣಪ್ಪಾ. ಆ ಕಸಾನ ಇದರಿಂದ ಹೇಗೆ ತೆಗೆಯೋದು?"