ಒಲೆ ಹಚ್ಚದ ಅಡುಗೆ

ಒಲೆಯನ್ನೇ ಹಚ್ಚದ ಅಡುಗೆಯನ್ನೂ ಸೀಯಿಸಬಲ್ಲ ಗಂಡಸು ಇಡೀ ಡೇಗು ನಗರದಲ್ಲಿ ಒಬ್ಬನೇ ಇದ್ದಾನೆ, ಅವನು ತನ್ನ ಗಂಡ ಎಂದು ನನ್ನ ಹೆಂಡತಿ ಮಾಲ್ಸುನ್ ಫೋನಿನಲ್ಲಿ ಅವಳ ಅಕ್ಕನಿಗೆ ಹೇಳಿದಳು. ನಾನು ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. (ಬೆಳ್ಳುಳ್ಳಿ ಸುಲಿಯುವುದು ನಮ್ಮ ಮನೆಯಲ್ಲಿ ಗಂಡಸಿಗೆ ದಯಪಾಲಿಸಲಾಗಿರುವ ಏಕಮಾತ್ರ ಪಾಕಾಧಿಕಾರ.) ಆಯುಷ್ಯವೆಲ್ಲ ಸಿಟಿ ಬಸ್ಸು ಓಡಿಸಿದವನು ನಾನು. ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ದಾರಿ ಬಿಟ್ಟವನಲ್ಲ.

ವಿಷಯ ಇಷ್ಟೇ. ಮಾವನವರ ಹುಟ್ಟುಹಬ್ಬ ಬರುತ್ತಿತ್ತು. ಅವರಿಗೆ ಹಸಿ ದನದ ಮಾಂಸವೆಂದರೆ ಪ್ರಾಣ. ನನ್ನ ಷಡ್ಡಕ ಕೀಹೊ ಪ್ರತಿವರ್ಷ ಅವರನ್ನು ಹೋಟೆಲಿಗೆ ಕರೆದೊಯ್ದು ತಿನ್ನಿಸಿ, ಆಮೇಲೆ ವರ್ಷವಿಡೀ ದೊಡ್ಡ ಅಳಿಯನೆಂದು ಎದೆ ಸೆಟೆಸಿಕೊಂಡು ತಿರುಗುತ್ತಾನೆ. ಈ ಸಲ ಮನೆಯಲ್ಲೇ ನಾನು ಯುಕ್ಹೆ ಮಾಡುತ್ತೇನೆ ಎಂದೆ. ಹಸಿ ಮಾಂಸವನ್ನು ಸಣ್ಣಗೆ ಉದ್ದುದ್ದ ಹೆಚ್ಚಬೇಕು, ಎಳ್ಳೆಣ್ಣೆ, ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ ಹಾಕಿ ಕಲಸಬೇಕು, ಮರಸೇಬಿನ ಹೋಳಿನ ಮೇಲೆ ಗುಪ್ಪೆ ಮಾಡಿ ಮೊಟ್ಟೆಯ ಹಳದಿ ಕೂರಿಸಬೇಕು. ಬೇಯಿಸುವ ಮಾತೇ ಇಲ್ಲ. ಇದಕ್ಕೇನು ಬ್ರಹ್ಮವಿದ್ಯೆ ಬೇಕೆ?

"ರೀ, ಅದನ್ನೂ ಕೆಡಿಸಿ ಸೋತ್ರೆ ಏನ್ ಕೊಡ್ತೀರಿ, ಅದನ್ನ ಮೊದ್ಲು ಹೇಳಿ," ಎಂದಳು ಮಾಲ್ಸುನ್.

"ಗೆದ್ರೆ ಇನ್ಮೇಲೆ ನನ್ನನ್ನ ಅಡುಗೆಮನೆಯಿಂದ ಆಚೆಗಟ್ಟೋ ಹಾಗಿಲ್ಲ."

"ಸೋತ್ರೆ ಈ ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕೋ ಕೆಲಸ ಪೂರ್ತಿ ನಿಮ್ದೇ. ನಮ್ಮನೇದೂ, ಅಕ್ಕನ ಮನೇದೂ. ಕೋಸು ಸೀಳೋದ್ರಿಂದ ಹಿಡಿದು."

"ಆಯ್ತು ಕಣೆ," ಎಂದೆ.

ಹುಟ್ಟುಹಬ್ಬ ಬಿದ್ದದ್ದು ಭಾನುವಾರ. ಶನಿವಾರ, ಭಾನುವಾರ ಕಸಾಯಿಖಾನೆಗೆ ರಜೆ. ಅವತ್ತೇ ಕಡಿದದ್ದಲ್ಲದ ಮಾಂಸವನ್ನು ಹಸಿಯಾಗಿ ಬಡಿಸುವುದು ನಮ್ಮೂರಲ್ಲಿ ಮಹಾಪಾತಕ. ಹುಟ್ಟುಹಬ್ಬವನ್ನು ಮುಂಚೆ ಮಾಡಬಹುದು, ದಿನ ದಾಟಿಸಿ ಮಾಡಬಾರದು ಎಂಬ ಶಾಸ್ತ್ರ ನನ್ನ ಕೈ ಹಿಡಿಯಿತು, ಶುಕ್ರವಾರಕ್ಕೆ ಗೊತ್ತುಮಾಡಿದೆ. ಅಪ್ಪನಿಗೆ ಸುಮ್ಮಸುಮ್ಮನೆ ಬೇಗ ವಯಸ್ಸು ಮಾಡಿಸಿದಿರಿ ಎಂದು ಅವಳು ಗೊಣಗಿದಳು.

ಶುಕ್ರವಾರ ಮಾಂಸ ಹೆಚ್ಚುವಾಗ ಮಾಲ್ಸುನ್ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ನಾರಿಗೆ ಅಡ್ಡವಾಗಿ ಕೊಯ್ರಿ. ಇಲ್ದಿದ್ರೆ ಅಪ್ಪನ ಕಟ್ಟಿಸಿದ ಹಲ್ಲು ಕೈಗೆ ಬರುತ್ತೆ."

"ನನ್ನ ಬಸ್ಸಲ್ಲಿ 'ಡ್ರೈವರ್ ಜೊತೆ ಮಾತಾಡಬೇಡಿ' ಅಂತ ಬೋರ್ಡ್ ಇತ್ತು," ಎಂದೆ. (ಅವಳು ಅತ್ತ ಹೋದ ಮೇಲೆ ಅಡ್ಡವಾಗಿಯೇ ಕೊಯ್ದೆ. ಅದು ಅವಳಿಗೆ ಗೊತ್ತಾಗಬೇಕಾಗಿಲ್ಲ.)

ಮಾವನವರು, ಕೀಹೊ, ಅವನ ಹೆಂಡತಿ ಎಲ್ಲರೂ ಗಿಡ್ಡ ಮೇಜಿನ ಸುತ್ತ ನೆಲದ ಮೇಲೆ ಕೂತರು. ಎಲ್ಲರ ಮುಂದೆಯೂ ಹುಟ್ಟುಹಬ್ಬದ ಕಡಲಪಾಚಿಯ ಸೂಪು ಹಬೆಯಾಡುತ್ತಿತ್ತು. ನಾನು ತಟ್ಟೆ ತಂದೆ. ಕೆಂಪು ಮಾಂಸ, ನೆತ್ತಿಯ ಮೇಲೆ ಹಳದಿ. ಮಾವನವರ ಕಣ್ಣು ಅರಳಿತು. ನನ್ನ ಹೊಟ್ಟೆ ತಣ್ಣಗಾಯಿತು.

"ನೋಡೋಕೇನೋ ಚೆನ್ನಾಗಿದೆ ತಮ್ಮಾ," ಎಂದ ಕೀಹೊ. "ತಾಜಾ ತಾನೆ?"

ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು. ಇವನು ಹೋಗುವ ಹೋಟೆಲಿನಲ್ಲಿ ಯಜಮಾನಿ ಹಸಿ ಮಾಂಸದ ತಟ್ಟೆಯನ್ನು ಗಿರಾಕಿಗಳ ಕಣ್ಣೆದುರೇ ತಲೆಕೆಳಗು ಮಾಡಿ ತೋರಿಸುತ್ತಾಳೆ. ಅವತ್ತೇ ಕಡಿದದ್ದಾದರೆ ತಟ್ಟೆಗೆ ಅಂಟಿಕೊಂಡಿರುತ್ತದೆ, ಬೀಳುವುದಿಲ್ಲ. ಆ ಕಥೆಯನ್ನು ಇವನ ಬಾಯಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

"ತಾಜಾನಾ ಅಂತೀರಾ ಅಣ್ಣಾ? ನೋಡ್ಕೊಳ್ಳಿ," ಎಂದು ತಟ್ಟೆಯನ್ನು ಮೇಜಿನ ಮೇಲೆ ಎತ್ತಿ ಹಿಡಿದು ಮಗುಚಿದೆ.

ಮೊದಲು ಮೊಟ್ಟೆಯ ಹಳದಿ ಹೋಗಿ ಕೀಹೊನ ಪ್ಯಾಂಟಿನ ಮೇಲೆ ಕೂತಿತು. ಹಿಂದೆಯೇ ಮಾಂಸ ಸರ್ರನೆ ಜಾರಿತು. ಅರ್ಧ ಮೇಜಿನ ಮೇಲೆ, ಅರ್ಧ ಮಾವನವರ ಬಿಸಿ ಸೂಪಿನೊಳಗೆ.

"ಅಳಿಯಂದ್ರೇ," ಎಂದರು ಮಾವ, ಮೀಸೆಯ ಮೇಲಿನ ಸೂಪು ಒರೆಸಿಕೊಂಡು, "ಹೋಟೆಲಿನವಳು ಮಗುಚೋದು ಬರೀ ಮಾಂಸ. ನೀವು ಎಳ್ಳೆಣ್ಣೆಯಲ್ಲಿ ಅಭ್ಯಂಜನ ಮಾಡಿಸಿದ್ದೀರಿ. ಎಣ್ಣೆ ಹಚ್ಚಿದ್ದು ಎಲ್ಲಾದ್ರೂ ಅಂಟುತ್ತೇನಪ್ಪ?"

"ಮಾಂಸ ತಾಜಾನೇ ಮಾವ," ಎಂದೆ.

ಅವರು ಸೂಪಿನಲ್ಲಿ ಬೆಂದ ಒಂದು ತುಂಡನ್ನು ಬಾಯಿಗಿಟ್ಟುಕೊಂಡು ತಲೆದೂಗಿದರು. "ಸೂಪಲ್ಲಿ ಮಾಂಸ ಕಮ್ಮಿ ಇತ್ತು. ಈಗ ಸರಿಹೋಯ್ತು."

ಮಾಲ್ಸುನ್ ಮೇಜಿನ ಮೇಲಿನದನ್ನು ಬಾಚಿ ಬಾಣಲೆಗೆ ಹಾಕಿ ಒಲೆ ಹಚ್ಚಿದಳು. "ಹೇಗೂ ಸಕ್ಕರೆ, ಸೋಯಾ ಎಲ್ಲಾ ಹಿಡಿದಿದೆ, ಹುರಿದ್ರೆ ತಿನ್ನೋಕಾಗುತ್ತೆ. ಕೈಯಾಡಿಸ್ತಿರಿ. ನಾನು ಭಾವನಿಗೆ ಪ್ಯಾಂಟು ಹುಡುಕ್ತೀನಿ."

ನಾನು ಕೈಯಾಡಿಸುತ್ತಲೇ ಇದ್ದೆ. ಅಷ್ಟರಲ್ಲಿ ಕೀಹೊ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅದೂ ನನ್ನ ಮದುವೆ-ಮುಂಜಿಯ ಪ್ಯಾಂಟು ಹಾಕಿಕೊಂಡು.

"ಸೋತ್ಯಲ್ಲೋ ತಮ್ಮಾ."

"ಯಾರು ಸೋತಿದ್ದು?" ನಾನು ಅವನತ್ತ ತಿರುಗಿ ಸೌಟು ಎತ್ತಿದೆ. "ನೀವು ಕೇಳಿದ್ದು ತಾಜಾನಾ ಅಂತ. ಅಂಟುತ್ತಾ ಅಂತ ಕೇಳಿದ್ರಾ? ಬಿದ್ದಿದ್ದು ಎಣ್ಣೆಯ ತಪ್ಪು. ಎಣ್ಣೆ ತಂದವಳು ನಿಮ್ಮ ನಾದಿನಿ." ಇನ್ನೂ ಬಹಳ ಹೇಳಿದೆ. ಎಲ್ಲವೂ ನ್ಯಾಯವಾದ ಮಾತು. ಕೀಹೊ ಮೂಗು ಮುಚ್ಚಿಕೊಂಡದ್ದು ನನ್ನ ವಾದಕ್ಕೆ ಉತ್ತರವಿಲ್ಲದೆ ಎಂದುಕೊಂಡೆ.

ಹೊಗೆಯ ನಡುವಿನಿಂದ ಮಾಲ್ಸುನ್ ಬಂದಳು. ಒಲೆ ಆರಿಸಿ ಬಾಣಲೆಯೊಳಗೆ ಇಣುಕಿದಳು. ಆಮೇಲೆ ನಿಧಾನವಾಗಿ ನಡುಮನೆಯತ್ತ ತಿರುಗಿ, "ಅಕ್ಕಾ, ನಾನು ಫೋನಲ್ಲಿ ಹೇಳಿರ್ಲಿಲ್ವಾ?" ಎಂದಳು.

ಈಗ ಎರಡು ಮನೆಯ ಕೋಸಿನ ರಾಶಿಯ ನಡುವೆ ಉಪ್ಪುಗೈಯಲ್ಲಿ ಕೂತು ಇವತ್ತಿಗೂ ಹೇಳುತ್ತಿದ್ದೇನೆ, ಕೇಳುವವರಿಲ್ಲ: ನನ್ನ ಅಡುಗೆಗೆ ಒಲೆ ಬೇಕಿರಲಿಲ್ಲ. ಒಲೆ ಹಚ್ಚಿದವಳು ಅವಳು.