ಗುರುಶಿದ್ದಪ್ಪನ ಇಪ್ಪತ್ತೊಂದನೇ ದಿನ

ಗುರುಶಿದ್ದಪ್ಪ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಸಣ್ಣದು. ಆಪರೇಷನ್ ಮುಗಿಸಿ ಮನೆಗೆ ಬಂದ ದಿನ ಗಲ್ಲಿಯ ಮಂದಿ ಬಾಗಿಲಿಗೆ ಬಂದು “ಏನಾಗಿತ್ರೀ?” ಎಂದು ಕೇಳಿದಾಗ, ಅವನ ಬಾಯಿಂದ “ಹರ್ನಿಯಾ” ಎಂಬ ಮಾತು ತಾನಾಗಿಯೇ ಜಾರಿಬಿಟ್ಟಿತು.

ನಿಜವಾಗಿ ಕೊಯ್ದದ್ದು ಎಡಗಡೆಯ ಎದೆಯನ್ನು. ಸ್ತನದ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಾಗ ಅವನು ಮೊದಲು ಅಳಲಿಲ್ಲ, ವಾದ ಮಾಡಿದ. “ಸಾಹೇಬ್ರ, ರಿಪೋರ್ಟ್ ಅದಲಿಬದಲಿ ಆಗೈತಿ. ಯಾರೋ ತಾಯಂದಿರದು ನನ್ನ ಹೆಸರಿಗೆ ಬಂದೈತಿ, ನೋಡ್ರಿ.” ಇಂಥ ನೂರು ಪೇಷಂಟುಗಳಲ್ಲಿ ಒಬ್ಬ ಗಂಡಸು ಇದ್ದೇ ಇರುತ್ತಾನೆ ಎಂದರು ಡಾಕ್ಟರು. ಜೀವಮಾನದಲ್ಲಿ ಒಂದು ಲಾಟರಿಯೂ ಹತ್ತದ ತನಗೆ ನೂರರಲ್ಲಿ ಒಂದು ಬಂದದ್ದು ಇದೇ ಮೊದಲು ಎಂದು ಗುರುಶಿದ್ದಪ್ಪ ಲೆಕ್ಕ ಹಾಕಿದ. ಗೋಕುಲ ರಸ್ತೆಯಲ್ಲಿ ನೀರೆತ್ತುವ ಮೋಟರಿಗೆ ತಂತಿ ಸುತ್ತುವ ಅಂಗಡಿ, ಐವತ್ತೇಳು ವರ್ಷದ ದೇಹ, ಅದರ ಮೇಲೆ ಊರಿಗೇ ಗೊತ್ತಿರುವ ಮೀಸೆ. ಇಷ್ಟೆಲ್ಲ ಇಟ್ಟುಕೊಂಡು ಈ ರೋಗದ ಹೆಸರನ್ನು ಯಾವ ಬಾಯಿಂದ ಹೇಳುವುದು?

ಸುಳ್ಳು ಸಲೀಸಾಗಿ ನಡೆದಿತ್ತು. ತೊಂದರೆ ಬಂದದ್ದು ಸಿಗರೇಟಿನಿಂದ.

ಮೂವತ್ತೈದು ವರ್ಷ ದಿನಕ್ಕೆ ಎರಡು ಪ್ಯಾಕೆಟ್ಟಿನಂತೆ ಸೇದಿದವನು ಅವನು. ಈಗ ಗಾಯದ ಒಂದು ಮೂಲೆ ಕೂಡಿಕೊಳ್ಳದೆ ಜಿನುಗುತ್ತಿತ್ತು. “ಹೊಗಿ ಒಳಗ ಹೋದ್ರ ಗಾಯ ಮುಚ್ಚಂಗಿಲ್ಲ. ಗಾಯ ಮುಚ್ಚದ ಹೊರತು ಮುಂದಿನ ಔಷಧ ಸುರು ಮಾಡಾಕ ಬರಂಗಿಲ್ಲ. ತಡಾ ಆದಷ್ಟೂ ನಿಮಗ ಧೋಕಾ” ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆ ರಾತ್ರಿ ಅವನು ಅತ್ತ. ಬೆಳಿಗ್ಗೆ ಎದ್ದು ಅದನ್ನೂ ಹರ್ನಿಯಾದ ನೋವು ಎಂದು ಹೆಂಡತಿಗೇ ಹೇಳಹೋಗಿ ಬೈಸಿಕೊಂಡ.

ಆಸ್ಪತ್ರೆಯಲ್ಲಿ ಪ್ರತಿ ಗುರುವಾರ ಸಿಗರೇಟು ಬಿಡುವವರ ಕೂಟ ನಡೆಯುತ್ತಿತ್ತು. ಹೊಸಬರಿಗೆ ಅಲ್ಲಿ ಇಪ್ಪತ್ತೊಂದು ದಿನ ಸೇದದಿದ್ದರೆ ಸಹಿ ಬೀಳುವ ಒಂದು ಕಾರ್ಡನ್ನೂ ಒಬ್ಬ ಜೋಡಿಯನ್ನೂ ಕೊಡುತ್ತಿದ್ದರು. ಜೋಡಿ ಎಂದರೆ ಅದೇ ದಾರಿ ತುಳಿದು ದಾಟಿದವರು. ಸೇದಬೇಕು ಅನ್ನಿಸಿದ ತಕ್ಷಣ ಅವರಿಗೆ ಫೋನ್ ಮಾಡಬೇಕು. ಗುರುಶಿದ್ದಪ್ಪನಿಗೆ ಸಿಕ್ಕ ಜೋಡಿ ಶಹಜಹಾನಬೇಗಂ, ಉರ್ದು ಶಾಲೆಯ ನಿವೃತ್ತ ಹೆಡ್‌ಮಿಸ್ಟ್ರೆಸ್. ನಾಲ್ಕು ವರ್ಷದ ಹಿಂದೆ ಅವರಿಗೂ ಇದೇ ಆಪರೇಷನ್ ಆಗಿತ್ತು. ಅಲ್ಲಿಯವರೆಗೆ ಮೂವತ್ತು ವರ್ಷ ಮಾಳಿಗೆಯ ಮೇಲೆ ಕದ್ದು ಬೀಡಿ ಸೇದಿದವರು.

“ನಾಚಬ್ಯಾಡ್ರಿ ಅಣ್ಣಾರ” ಎಂದಿದ್ದರು ಮೊದಲ ದಿನವೇ. “ನೀವು ಹೆಂಗಸರ ರೋಗ ತಂದ್ಕೊಂಡೀರಿ, ನಾ ಗಂಡಸರ ಚಟ ಹಚ್ಕೊಂಡಿದ್ದೆ. ಲೆಕ್ಕ ಸರಿ ಆತು.”

ಇಂದು ಸಿಗರೇಟು ಬಿಟ್ಟ ಇಪ್ಪತ್ತೊಂದನೇ ದಿನ. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ, ಸೇದಿದ್ದನ್ನು ಹಿಡಿಯುವ ಯಂತ್ರವೊಂದಕ್ಕೆ ಉಸಿರು ಊದಬೇಕು. ಹಸಿರು ದೀಪ ಹತ್ತಿದರೆ, ಗಾಯ ಮುಚ್ಚಿದ್ದರೆ, ಸೋಮವಾರ ಔಷಧ ಸುರು. ಬೆಳಿಗ್ಗೆ ಎಂಟಕ್ಕೆ ಹೆಂಡತಿ ಕಾವೇರಿ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಗರಗದ ಬಸ್ಸು ಹತ್ತಿದಳು. ಹತ್ತುವ ಮೊದಲು ಗಲ್ಲಿಗೆಲ್ಲ ಕೇಳುವಂತೆ, “ಇವ್ರು ಸಿಗರೇಟ್ ಮುಟ್ಟದಂಗ ಸ್ವಲ್ಪ ನೋಡ್ಕೋರಿ” ಎಂದು ಹೇಳಿಹೋದಳು.

ಗಲ್ಲಿಯ ಗಂಡಸರ ಕರುಳನ್ನು ಈ ಮಾತು ಹಿಂಡಿತು. ಹರ್ನಿಯಾದವನಿಗೆ ಸಿಗರೇಟು ಇಲ್ಲವೆಂದರೆ ಏನರ್ಥ? ಇದು ಹೆಂಡತಿಯ ದಬ್ಬಾಳಿಕೆಯಲ್ಲದೆ ಬೇರೇನೂ ಅಲ್ಲ.

ಮೊದಲು ಬಂದವನು ಪಕ್ಕದ ಮನೆಯ ಕುಬೇರಪ್ಪ. ಬಸ್ ಡಿಪೋದಿಂದ ರಿಟೈರಾದವನು, ಹದಿನೈದು ದಿನದಿಂದ ಹಲ್ಲುನೋವು ಎಂದು ದವಡೆ ಹಿಡಿದುಕೊಂಡೇ ತಿರುಗುತ್ತಿದ್ದ. ಪೇಷಂಟನ್ನು ನೋಡಲು ಹೋಗುವಾಗ ಒಯ್ಯುವ ಹಾಗೆ ಒಂದು ಬ್ರೆಡ್ಡು ತಂದು ಮಂಚದ ಮೇಲಿಟ್ಟ. “ನಡುವಿನ ಸ್ಲೈಸ್ ಭಾಳ ರುಚಿ ಅದಾವ್ರಿ” ಎಂದು ಕಣ್ಣು ಹೊಡೆದ. ಗುರುಶಿದ್ದಪ್ಪ ಬಿಚ್ಚಿ ನೋಡಿದರೆ ನಡುವೆ ಸ್ಲೈಸೇ ಇರಲಿಲ್ಲ. ಅಲ್ಲಿ ಎರಡು ಪ್ಯಾಕೆಟ್ ಸಿಗರೇಟು ಕೂತಿದ್ದವು.

ಅವನ ಬಾಯಲ್ಲಿ ನೀರೂರಿತು. ಅದಕ್ಕೆ ಅವನಿಗೇ ನಾಚಿಕೆಯಾಯಿತು. ಫೋನು ಹಿಡಿದು ಬಚ್ಚಲಿಗೆ ಓಡಿ, ತಾನು ಅಕ್ಕನೆಂದು ‘ಆಪಾ’ ಎಂದೇ ಕರೆಯುವ ಶಹಜಹಾನಬೇಗಂಗೆ ಹಚ್ಚಿದ.

“ಆಪಾ, ಬ್ರೆಡ್ಡಿನಾಗ ಸಿಗರೇಟ್ ಬಂದಾವ್ರಿ.”

“ಎರಡನ್ನೂ ಬಕೀಟದಾಗ ಮುಳುಗಸ್ರಿ. ಮುಳುಗಿಸಿ ನನಗ ಹೇಳ್ರಿ.”

ಗುರುಶಿದ್ದಪ್ಪ ಮುಳುಗಿಸಿದ. ಇಪ್ಪತ್ತರಲ್ಲಿ ಹತ್ತೊಂಬತ್ತನ್ನು. ಒಂದು ಹೇಗೋ ಬನಿಯನ್ನಿನ ಒಳಗೆ ಸೇರಿಕೊಂಡಿತು. ಅದನ್ನು ತಾನು ಸೇರಿಸಲಿಲ್ಲ, ಕೈ ಸೇರಿಸಿತು ಎಂದು ಅವನು ಮನಸ್ಸಿನಲ್ಲೇ ಆಪಾಗೆ ವಿವರಿಸಿದ.

ಹೊರಗೆ ಬಂದರೆ ಕುಬೇರಪ್ಪನ ಪಕ್ಕ ಎದುರು ಮನೆಯ ಟೇಲರ್ ಮಕಬೂಲಸಾಬ ಬೀಡಿ ಕಟ್ಟು ಹಿಡಿದು ಕೂತಿದ್ದ.

“ತಗೋರಿ ಅಣ್ಣಾರ. ಅಕ್ಕಾರು ಬರೂದ್ರಾಗ ಒಂದ್ ಎಳೀರಿ.”

“ಬ್ಯಾಡೋ ಮಕಬೂಲ, ಡಾಕ್ಟರ್ ಬ್ಯಾಡ ಅಂದಾರ.”

“ಯಾವ ಡಾಕ್ಟರ್ರೀ ಅವ? ಹರ್ನಿಯಾ ಇರೂದು ಹೊಟ್ಟಿ ಕೆಳಗ. ಹೊಗಿ ಹೋಗೂದು ಎದಿಯಾಗ. ಎರಡಕ್ಕೂ ನಡುವ ಇಷ್ಟು ದೊಡ್ಡ ಹೊಟ್ಟಿ ಐತಿ!”

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗುರುಶಿದ್ದಪ್ಪ ಬಾಯಿ ತೆರೆದ, ಮೀಸೆ ಅಡ್ಡ ಬಂತು. ಕೆಮ್ಮು ಬಂದು ಎದೆಯ ಎಡಭಾಗವನ್ನು ಗಟ್ಟಿಯಾಗಿ ಒತ್ತಿಕೊಂಡ. ಕುಬೇರಪ್ಪ ಅದನ್ನು ನೋಡಿದ.

“ಹರ್ನಿಯಾ ಅಷ್ಟು ಮ್ಯಾಲ ಬಂದಿತ್ತೇನ್ರೀ?”

“ಹೌದ್ರೀ” ಎಂದ ಗುರುಶಿದ್ದಪ್ಪ. “ಅದು… ಏರ್ಕೊಂತ ಹೊಂಟಿತ್ತು. ಇಲ್ಲಿ ತಡದಾರ.”

ಇಬ್ಬರೂ ಲೊಚಗುಟ್ಟಿದರು. ಮಕಬೂಲಸಾಬನಿಗೆ ಆಗ ಒಂದು ಉಪಾಯ ಹೊಳೆಯಿತು. “ನೀವು ಸೇದಬ್ಯಾಡ್ರಿ. ಆಣಿ ಮುರಿಯೂದು ಬ್ಯಾಡ. ನಾವ ಸೇದತೇವಿ, ನೀವು ಬರೇ ವಾಸನಿ ತಗೋರಿ.” ಬೇಡ ಬೇಡ ಎನ್ನುವುದರೊಳಗೆ ಕಿಟಕಿ ಮುಚ್ಚಿದ; ವಾಸನೆ ಪೋಲಾಗಬಾರದಲ್ಲ. ಕುಬೇರಪ್ಪ ಒಂದು ಕ್ಷಣ ಹಿಂದೆಮುಂದೆ ನೋಡಿದ. ಆಮೇಲೆ “ಇದ ಕಡೇದು” ಎಂದು ಯಾರಿಗೋ ಹೇಳಿಕೊಂಡಂತೆ ಹೇಳಿ ಜೇಬಿನಿಂದ ಒಂದನ್ನು ತೆಗೆದು ಹಚ್ಚಿದ. ಮಂಚದ ಎರಡೂ ಬದಿಗೆ ಕೂತು ಇಬ್ಬರೂ ಭಕ್ತಿಯಿಂದ ಹೊಗೆ ಬಿಟ್ಟರು. ನಡುವೆ ಗುರುಶಿದ್ದಪ್ಪ ಉದಬತ್ತಿ ಹಚ್ಚಿದ ಗದ್ದಿಗೆಯ ಹಾಗೆ ಒರಗಿದ್ದ. ಕುಬೇರಪ್ಪನ ಸಿಗರೇಟು ಬೇಗ ಮುಗಿದರೂ ಮಕಬೂಲಸಾಬನ ಬೀಡಿಗಳಿಂದ ಒಂದೂವರೆ ತಾಸು ಈ ಸೇವೆ ನಡೆಯಿತು. ಸುಳ್ಳೇಕೆ ಹೇಳಬೇಕು, ಮೊದಲ ಹತ್ತು ನಿಮಿಷ ಅವನು ಮೂಗು ಮುಚ್ಚಲಿಲ್ಲ.

ಹನ್ನೊಂದನೇ ನಿಮಿಷಕ್ಕೆ ಆಪಾಗೆ ಕದ್ದು ಮಿಸ್ಡ್ ಕಾಲ್ ಕೊಟ್ಟ. ಅವರು ಫೋನು ಮಾಡಲಿಲ್ಲ. ಊರಿನ ಆ ತುದಿಯಿಂದ ಆಟೋ ಹತ್ತಿ ನೇರ ಬಂದೇಬಿಟ್ಟರು.

ಬಾಗಿಲಲ್ಲಿ ಕೊಡೆ ಹಿಡಿದು ನಿಂತ ಹೆಂಗಸನ್ನು ನೋಡಿ ಕುಬೇರಪ್ಪ ಕೇಳಿದ: “ಯಾರ್ರೀ ಇವ್ರು?”

“ನರ್ಸ್” ಎಂದ ಗುರುಶಿದ್ದಪ್ಪ. “ಹರ್ನಿಯಾದ ನರ್ಸ್.”

ಆ ಸುಳ್ಳಿಗೆ ಅರ್ಧ ನಿಮಿಷದ ಆಯುಷ್ಯವೂ ಇರಲಿಲ್ಲ. ಮಕಬೂಲಸಾಬ ಮಿಂಚು ಹೊಡೆದವನಂತೆ ಎದ್ದು ನಿಂತು, ಉರಿಯುವ ಬೀಡಿಯನ್ನು ಅಂಗಿಯ ಜೇಬಿಗೆ ತುರುಕಿ, “ಸಲಾಂ ಟೀಚರ್” ಎಂದ. ನಲವತ್ತು ವರ್ಷದ ಹಿಂದೆ ಮೂರನೇ ಇಯತ್ತೆಯಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಇವರೇ.

“ಮಕಬೂಲ, ನಿನ್ನ ಜೇಬಿನ್ಯಾಗ ಹೊಗಿ ಬರಾಕತ್ತೈತಿ.”

“ಇಲ್ರೀ ಟೀಚರ್” ಎಂದು ಹೇಳುತ್ತಲೇ ಅವನು ಎದೆ ಬಡಿದುಕೊಳ್ಳುತ್ತ ಹೊರಗೆ ಓಡಿದ. ಕುಬೇರಪ್ಪನೂ ದವಡೆ ಹಿಡಿದುಕೊಂಡು, “ನನಗ ಹಲ್ಲಿನ ದವಾಖಾನಿಗೆ ಹೋಗೂದೈತಿ” ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದ.

ಮೂರೂವರೆಗೆ ಬೇಗಂ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ರಸ್ತೆ ನೋಡುತ್ತಲೇ ಹೇಳಿದರು: “ನಂದೂ ಎರಡು ತಿಂಗಳು ಗಾಯ ಮುಚ್ಚಲಿಲ್ಲ, ಅಣ್ಣಾರ. ಡಾಕ್ಟರ್‌ಗ ಸುಳ್ಳು ಹೇಳಿದೆ, ಮಗನಿಗೆ ಹೇಳಿದೆ. ಮಾಳಗಿ ಮ್ಯಾಲ ಹೋಗಿ ಬೀಡಿ ಹಚ್ಚೂದು, ಕೆಳಗ ಬಂದು ಗಾಯ ಯಾಕ ಮುಚ್ಚವಲ್ದು ಅಂತ ಅಳೂದು. ಒಂದಿನ ನನಗ ನಾನ ಹೇಸಿಕಿ ಆದೆ. ಸಾಯೂದಕ್ಕ ಅಷ್ಟು ಅಂಜಿಕಿ ಆಗಲಿಲ್ಲ, ಆ ಹೇಸಿಕಿಗೆ ಆತು.”

ಗುರುಶಿದ್ದಪ್ಪ ಬನಿಯನ್ನಿನೊಳಗೆ ಕೈ ಹಾಕಿ ಆ ಒಂದು ಸಿಗರೇಟನ್ನು ತೆಗೆದು ಅವರ ಕೈಗಿಟ್ಟ. ಬೆವರಿಗೆ ಅದು ಮೆತ್ತಗಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು. ಸಿಗರೇಟು ಹೋಗಿದ್ದಕ್ಕೋ ಆಪಾ ಬಂದಿದ್ದಕ್ಕೋ ಅವನಿಗೇ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಬೇಗಂ ಡಾಕ್ಟರನ್ನು ಕರೆಯಲು ಹೋದರು; ಕೂಟ ನೋಡಿಕೊಳ್ಳುವ ನರ್ಸ್ ಫಿರದೋಸ ಯಂತ್ರ ಕೊಟ್ಟಳು. ಗುರುಶಿದ್ದಪ್ಪ ಇಷ್ಟದೇವರನ್ನೆಲ್ಲ ನೆನೆದು ಊದಿದ. ಹಳದಿ ದೀಪ ಹತ್ತಿತು.

“ಸೇದೀರಿ” ಎಂದಳು ಫಿರದೋಸ.

“ಖರೇನೂ ಇಲ್ರೀ! ಮುಂಜಾನಿಂದ ನೆರೆಮನಿಯವ್ರು ಕಿಟಕಿ ಮುಚ್ಚಿ ನನ್ನ ಮಾರಿ ಮ್ಯಾಲ ಹೊಗಿ ಬಿಟ್ಟಾರ್ರೀ.”

“ಎಲ್ಲಾರೂ ನೆರೆಮನಿಯವ್ರ ಮ್ಯಾಲ ಹಾಕ್ತಾರ್ರೀ ಕಾಕಾ. ಸಾಕ್ಷಿ ಯಾರದಾರ?” ಎಂದು ಅವಳು ನಕ್ಕು, “ಇರ್ರಿ, ಇವತ್ತ ಒಬ್ಬ ಹೊಸಬ್ರು ಬಂದಾರ, ಅವ್ರನ್ನ ಮುಗಿಸ್ತೇನಿ” ಎಂದು ಬಾಗಿಲು ತೆರೆದಳು.

ಒಳಗೆ ಬಂದವನು ಕುಬೇರಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುಬೇರಪ್ಪನ ಕಣ್ಣು ಮೇಜಿನ ಮೇಲಿದ್ದ ಗುರುಶಿದ್ದಪ್ಪನ ಫೈಲಿನ ಮೇಲೆ ಬಿತ್ತು. ಅಲ್ಲಿ ರೋಗದ ಹೆಸರನ್ನು ಅಚ್ಚಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಗುರುಶಿದ್ದಪ್ಪನ ಕಣ್ಣು ಕುಬೇರಪ್ಪನ ಚೀಟಿಯ ಮೇಲೆ ಬಿತ್ತು. ಅದರಲ್ಲಿ ಹಲ್ಲಿನ ಮಾತೇ ಇರಲಿಲ್ಲ. ಬಾಯೊಳಗೆ ಬಿಳಿ ಮಚ್ಚೆ, ಈಗಲೇ ಸಿಗರೇಟು ಬಿಡಬೇಕು, ಬಿಡದಿದ್ದರೆ ಕ್ಯಾನ್ಸರ್ ಆಗಬಹುದು ಎಂದಿತ್ತು.

“ಕಡೇ ಸಿಗರೇಟ್ ಸೇದಿ ಎಷ್ಟು ದಿನ ಆತ್ರೀ?” ಎಂದು ಫಿರದೋಸ ಕೇಳಿದಳು.

“ಎಂಟು ದಿನ” ಎಂದ ಕುಬೇರಪ್ಪ, ಸೀಲಿಂಗ್ ಫ್ಯಾನು ನೋಡುತ್ತ.

ಗುರುಶಿದ್ದಪ್ಪ ಎರಡೂ ಕಡೆ ತೂಗಿ ನೋಡಿದ. ಬಾಯಿ ಬಿಟ್ಟರೆ ಕುಬೇರಪ್ಪ ಫೈಲಿನ ವಿಷಯ ಗಲ್ಲಿಗೆ ಸಾರುತ್ತಾನೆ. ಬಿಡದಿದ್ದರೆ ಹಳದಿ ದೀಪ ತನ್ನ ತಲೆಗೇ ಬರುತ್ತದೆ, ಸೋಮವಾರದ ಔಷಧ ಹೋಗುತ್ತದೆ. “ಇವ್ರಿಗೂ ಊದಸ್ರಿ!” ಎಂದು ಕೂಗಿಬಿಟ್ಟ. ಕುಬೇರಪ್ಪ ಊದಿದ. ಯಂತ್ರ ಕೆಂಪಗಾಗಿ ಕಿರುಚಿತು.

“ಮುಂಜಾನಿ ಒಂದ್ ಸೇದೇನ್ರೀ” ಎಂದು ಕುಬೇರಪ್ಪ ಕುರ್ಚಿಯಲ್ಲಿ ಕುಸಿದ. “ಉಳಿದಾವೆಲ್ಲ ಬ್ರೆಡ್ಡಿನಾಗಿಟ್ಟು ಇವ್ರಿಗೆ ಕೊಟ್ಟೆ. ಮನ್ಯಾಗ ಇದ್ರ ಸೇದತೇನಿ. ಚೆಲ್ಲಾಕ ಮನಸ ಬರವಲ್ದು. ಇವ್ರಿಗೆ ಬರೇ ಹರ್ನಿಯಾ ಅಂತ ತಿಳಿದಿದ್ದೆ, ಉಪಯೋಗರ ಆಗ್ಲಿ ಅಂತ…”

ತನಗೆ ಬಂದ ಪ್ರೀತಿಯ ಕಾಣಿಕೆ ಇನ್ನೊಬ್ಬನ ಮನೆಯ ಕಸ ಎಂದು ತಿಳಿದು ಗುರುಶಿದ್ದಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುಬೇರಪ್ಪ ಆ ಚೀಟಿಯನ್ನು ಸಣ್ಣಗೆ ಮಡಚಿ ಜೇಬಿನ ತಳಕ್ಕೆ ತುರುಕುತ್ತಿದ್ದ, ತಾನು ತನ್ನ ರಿಪೋರ್ಟನ್ನು ಬಚ್ಚಿಟ್ಟ ಹಾಗೆಯೇ.

ಅಷ್ಟರಲ್ಲಿ ಬೇಗಂ ಜೊತೆ ಡಾಕ್ಟರು ಬಂದು ಗಾಯ ಬಿಚ್ಚಿ ನೋಡಿದರು. ಮೂಲೆ ಕೂಡಿಕೊಂಡಿತ್ತು. ಹಳದಿ ದೀಪ ನೆರೆಯವರ ಹೊಗೆಯದು ಎಂದು ಫಿರದೋಸ ಹೇಳಿದ ಮೇಲೆ “ಸೋಮವಾರ ಬರ್ರಿ” ಎಂದರು. ಗುರುಶಿದ್ದಪ್ಪ ಬೇಗಂ ಅವರ ಕೈ ಹಿಡಿದು ಚಿಕ್ಕ ಮಗುವಿನಂತೆ ನಕ್ಕ. ಬದುಕುತ್ತೇನೆ ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲ ಸಲ.

“ಇಪ್ಪತ್ತೊಂದು ದಿನ ಆದ್ವಲ್ಲ, ನನ್ನ ಕಾರ್ಡಿಗೆ ಸಹಿ ಹಾಕ್ರಿ” ಎಂದ ಫಿರದೋಸಳಿಗೆ.

ಅವಳು ಹಳೆಯ ಕಾರ್ಡನ್ನು ಹರಿದು, ಹೊಸದೊಂದರ ಮೇಲೆ ಎರಡು ಹೆಸರು ಬರೆದಳು. “ನೆರೆಹೊರಿಯವ್ರು ಇಬ್ಬರೂ ಬಿಡೋರಾದ್ರ ನಮ್ಮಲ್ಲಿ ಒಂದ ಕಾರ್ಡು. ಇವ್ರ ಪ್ಯಾಕೆಟ್ ಅವ್ರ ಮನಿಗೆ ಹೋಗಬಾರ್ದಲ್ಲ. ಇನ್ನ ಮ್ಯಾಲ ಕುಬೇರಪ್ಪನವ್ರಿಗೆ ನೀವ ಜೋಡಿ. ಒಬ್ಬರು ಸೇದಿದ್ರ ಇಬ್ಬರದೂ ಹೋತು. ಇವತ್ತಿಗೆ ಮೊದಲನೇ ದಿನ.”

“ನಂದು ಇಪ್ಪತ್ತೊಂದಲ್ಲೇನ್ರೀ?”

“ಇವ್ರು ಮುಂಜಾನಿ ಸೇದ್ಯಾರಲ್ಲ.”

ಗುರುಶಿದ್ದಪ್ಪ ತಿರುಗಿ ನೋಡುವಷ್ಟರಲ್ಲಿ ಜೋಡಿ ಮಾಯವಾಗಿದ್ದ. ಓಡಬಾರದಿದ್ದರೂ ಎದೆಯ ಹೊಲಿಗೆ ಹಿಡಿದುಕೊಂಡು ಓಡಿದ. ಗೇಟಿನ ಹೊರಗಿನ ಪಾನ್ ಅಂಗಡಿಯಲ್ಲಿ ಕುಬೇರಪ್ಪ ಒಂದು ಸಿಗರೇಟನ್ನು ತುಟಿಗೆ ಇಟ್ಟಿದ್ದ. “ಹೆಂಗೂ ಮೊದಲನೇ ದಿನಾನ ಅಲ್ರೀ? ನಾಳೆಯಿಂದ ಸುರು ಮಾಡೋಣು.”

“ಏ ಕುಬೇರಪ್ಪಾ!” ಗುರುಶಿದ್ದಪ್ಪನಿಗೆ ಎಲ್ಲಿಂದಲೋ ಧ್ವನಿ ಬಂತು. “ನಂದು ಹರ್ನಿಯಾ ಅಲ್ಲೋ! ಸ್ತನದ ಕ್ಯಾನ್ಸರ್! ಎದಿ ಕೊಯ್ಸ್ಕೊಂಡು ನಿಂತೇನಿ! ನಿನ್ನ ಬಾಯಿನೂ ಕೊಯ್ಸ್ತೀ ಏನು?”

ರಸ್ತೆಯ ಮಂದಿಯೆಲ್ಲ ನಿಂತರು. ಕುಬೇರಪ್ಪ ಸಿಗರೇಟನ್ನು ಮರಳಿ ಅಂಗಡಿಯ ಡಬ್ಬಿಯ ಮೇಲಿಟ್ಟ. “ಖರೇ ಐತ್ರೀ” ಎಂದ ಸಣ್ಣಗೆ. “ಆದ್ರ ಅಷ್ಟು ಜೋರಾಗಿ ಒದರಬಾರ್ದಿತ್ತು. ನನ್ನ ಕರಕೊಂಡು ಹೋಗಾಕ ಅಂತ ಮಕಬೂಲಗ ಬಾ ಅಂತ ಹೇಳಿದ್ದೆ.”

ಸ್ಕೂಟರಿನ ಪಕ್ಕ ಮಕಬೂಲಸಾಬ ಬಾಯಿ ತೆರೆದು ನಿಂತಿದ್ದ. ಇನ್ನು ಅರ್ಧ ತಾಸಿನಲ್ಲಿ ಗಲ್ಲಿಯಲ್ಲಿ ತಿಳಿಯದವರು ಯಾರೂ ಉಳಿಯುವುದಿಲ್ಲ. ಮಕಬೂಲಸಾಬನ ಕಣ್ಣಿಂದ ನೀರು ದಳದಳ ಇಳಿಯಿತು.

“ಅಣ್ಣಾರ, ಕ್ಯಾನ್ಸರ್ ಅಂದ್ರ… ನಾ ಒಂದೂವರಿ ತಾಸು ನಿಮ್ಮ ಮಾರಿಗೆ ಹೊಗಿ ಬಿಟ್ಟೆನಲ್ರೀ! ನನ್ನಂಥಾ ಪಾಪಿ ಯಾರದಾರ್ರೀ!”

ಸಂಕಟ ತಡೆಯಲಾರದೆ ಅವನು ಗದ್ಗದಿಸುತ್ತ ಜೇಬು ತಡಕಿ, ಬೀಡಿಯೊಂದನ್ನು ತುಟಿಗಿಟ್ಟು ಕಡ್ಡಿ ಗೀರಿ, ಒಂದು ದೀರ್ಘವಾದ ದಮ್ಮು ಎಳೆದು ಬಿಟ್ಟ. ಹೊಗೆ ಮೆಲ್ಲಗೆ ತೇಲಿ ಬಂತು. ಗುರುಶಿದ್ದಪ್ಪನೂ ಕುಬೇರಪ್ಪನೂ ಒಬ್ಬರನ್ನೊಬ್ಬರು ನೋಡಿಕೊಂಡರು, ಇಬ್ಬರೂ ಒಟ್ಟಿಗೆ ಮೂಗರಳಿಸಿ ಅವನ ಕಡೆಗೆ ಒಂದು ಹೆಜ್ಜೆ ಸರಿದರು.